ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರಿಗೆ: ಇಂಡೆಮ್ನಿಟಿ ಪಾಲಿಸಿಯನ್ನು ಯಾವಾಗ ಒಪ್ಪಬೇಕು, ಯಾವಾಗ ಬೇಡವೆನ್ನಬೇಕು

ಇಂಗ್ಲೆಂಡಿನಲ್ಲಿ ಅಥವಾ ವೇಲ್ಸ್‌ನಲ್ಲಿ ಮನೆ ಕೊಳ್ಳಲು ಹೊರಟವರಿಗೆ, ಬೆಲೆ ಕುದುರಿ, ಸಾಲ ಮಂಜೂರಾಗಿ, ಇನ್ನೇನು ಕರಾರುಪತ್ರಗಳ ವಿನಿಮಯಕ್ಕೆ ದಿನ ಗೊತ್ತುಮಾಡಬೇಕು ಎನ್ನುವ ಹೊತ್ತಿಗೆ ಸಾಲಿಸಿಟರರಿಂದ, ಅಂದರೆ ವ್ಯವಹಾರ ನೋಡಿಕೊಳ್ಳುವ ವಕೀಲರಿಂದ, ಒಂದು ಇಮೇಲ್ ಬರುವುದು ತೀರ ಸಾಮಾನ್ಯ. ಲಾಫ್ಟ್ (ಅಟ್ಟದ) ಕೋಣೆಗೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಪ್ರಮಾಣಪತ್ರ ಸಿಕ್ಕಿಲ್ಲ, ಮಾರುವವರು ತಮ್ಮ ಖರ್ಚಿನಲ್ಲೇ ಇಂಡೆಮ್ನಿಟಿ ಪಾಲಿಸಿ ತೆಗೆಸಿಕೊಡಲು ಸಿದ್ಧರಿದ್ದಾರೆ, ನಿಮ್ಮ ಒಪ್ಪಿಗೆ ತಿಳಿಸಿ ಎಂಬಷ್ಟೇ ಅದರಲ್ಲಿರುತ್ತದೆ. ಪ್ರೀಮಿಯಂ ಎಷ್ಟೋ ಸಲ ನೂರು ಪೌಂಡ್ ಕೂಡ ಇರುವುದಿಲ್ಲ, ಅದನ್ನೂ ನಾವು ಕೊಡಬೇಕಿಲ್ಲ. ಹೀಗಿರುವಾಗ ಬೇಡವೆನ್ನುವುದೇಕೆ ಎಂದು ಕೊಳ್ಳುವವರು ಮರುಕ್ಷಣವೇ ‘ಆಗಲಿ’ ಎಂದು ಉತ್ತರಿಸಿಬಿಡುತ್ತಾರೆ. ಹಲವು ಸಲ ಅದು ಸರಿಯಾದ ಉತ್ತರವೇ, ಕೆಲವು ಸಲ ಅಲ್ಲ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಕೊಳ್ಳುವವರೇ ತಿಳಿದಿರಬೇಕು, ಏಕೆಂದರೆ ಸಾಲಿಸಿಟರರು ಕಾಗದದ ದೋಷವನ್ನು ನೋಡುತ್ತಾರೆಯೇ ಹೊರತು ಮನೆಯ ಮೆಟ್ಟಿಲು ಹತ್ತಿ ನೋಡುವುದಿಲ್ಲ.

ಕರ್ನಾಟಕದಿಂದ ಬಂದ ನಮಗೆ ಇಲ್ಲಿ ಇನ್ನೊಂದು ತೊಡಕೂ ಇದೆ. ಬಿ ಖಾತಾ, ಅಕ್ರಮ-ಸಕ್ರಮ ಎಂಬ ಮಾತುಗಳನ್ನು ಕೇಳಿಯೇ ಬೆಳೆದ ಕಿವಿಗೆ, ‘ಅನುಮತಿಯಿಲ್ಲ, ಆದರೆ ಒಂದಿಷ್ಟು ಹಣ ಕಟ್ಟಿದರೆ ಸಾಕು’ ಎಂದೊಡನೆ ಅದು ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳುವ ವ್ಯವಸ್ಥೆಯಂತೆ ಕೇಳಿಸುತ್ತದೆ. ಇಂಡೆಮ್ನಿಟಿ ಪಾಲಿಸಿ ಯಾವ ಅಕ್ರಮವನ್ನೂ ಸಕ್ರಮ ಮಾಡುವುದಿಲ್ಲ. ಅನುಮತಿಯಿಲ್ಲದೆ ಕಟ್ಟಿದ ಕೋಣೆ ಪಾಲಿಸಿ ಬಂದ ಮೇಲೂ ಅನುಮತಿಯಿಲ್ಲದ ಕೋಣೆಯೇ. ಅದರ ಗೋಡೆ ಗಟ್ಟಿಯಾಗುವುದಿಲ್ಲ, ಕೌನ್ಸಿಲ್‌ನ ಕಡತದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಈ ದೋಷವನ್ನು ಹಿಡಿದುಕೊಂಡು ಮುಂದೊಂದು ದಿನ ಮೂರನೆಯವರೊಬ್ಬರು ನಿಮ್ಮ ಮೇಲೆ ಕ್ರಮ ಕೈಗೊಂಡರೆ, ಅದರಿಂದಾಗುವ ಹಣದ ನಷ್ಟವನ್ನು ಇಂತಿಷ್ಟು ಮಿತಿಯವರೆಗೆ ತುಂಬಿಕೊಡುತ್ತೇವೆ ಎಂಬ ಮಾತು ಮಾತ್ರ ಪಾಲಿಸಿಯಲ್ಲಿದೆ.

ಪಾಲಿಸಿ ಕೆಲಸ ಮಾಡುವ ರೀತಿ

ನಮ್ಮಲ್ಲಿ ಉಪನೋಂದಣಿ ಕಚೇರಿ ದಾಖಲಿಸುವುದು ಪತ್ರವನ್ನು. ಅದನ್ನು ಬರೆದುಕೊಟ್ಟವನಿಗೆ ನಿಜವಾಗಿ ಹಕ್ಕಿತ್ತೇ ಎಂಬುದಕ್ಕೆ ಸರ್ಕಾರ ಹೊಣೆಯಲ್ಲ. ಬೆಂಗಳೂರಿನ ವಕೀಲರು ಮೂಲಪತ್ರ, ಹಲವು ದಶಕಗಳ ಋಣಭಾರ ಪತ್ರ, ವಂಶವೃಕ್ಷ ಎಂದೆಲ್ಲ ಕೇಳುವುದು ಆ ಕಾರಣಕ್ಕೇ. 2016ರ ರೇರಾ ಕಾಯ್ದೆಯ 16ನೇ ಕಲಂ ಭೂಮಿಯ ಹಕ್ಕಿನ ಮೇಲೆ ಡೆವಲಪರ್‌ಗಳಿಂದ ವಿಮೆ ಮಾಡಿಸಲು ಅವಕಾಶ ಕಲ್ಪಿಸಿರುವುದೂ ಅದಕ್ಕೇ. ಇಂಗ್ಲೆಂಡಿನಲ್ಲಿ ಹಾಗಲ್ಲ. 1862ರಲ್ಲಿ ಆರಂಭವಾದ ಲ್ಯಾಂಡ್ ರಿಜಿಸ್ಟ್ರಿಯು ಪತ್ರವನ್ನಲ್ಲ, ಹಕ್ಕನ್ನೇ ದಾಖಲಿಸುತ್ತದೆ. 1990ರ ಡಿಸೆಂಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಪ್ರದೇಶಗಳಲ್ಲೂ ಮನೆ ಮಾರಾಟವಾದಾಗ ಅಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ‘ಟೈಟಲ್ ಅಬ್ಸಲ್ಯೂಟ್’ ಎಂದು ನಮೂದಾದ ಹಕ್ಕಿನ ಹಿಂದೆ ಸರ್ಕಾರದ ಭರವಸೆ ಇರುತ್ತದೆ, ದಾಖಲೆಯ ತಪ್ಪಿನಿಂದ ನಷ್ಟವಾದವರಿಗೆ 2002ರ ಭೂ ನೋಂದಣಿ ಕಾಯ್ದೆಯ ಅಡಿಯಲ್ಲಿ ಪರಿಹಾರವೂ ಸಿಗುತ್ತದೆ. ಆದ್ದರಿಂದ ಇಲ್ಲಿ ಖಾಸಗಿ ವಿಮೆಯ ಅಗತ್ಯ ಬೀಳುವುದು ‘ಈ ಮನೆ ಯಾರದು’ ಎಂಬ ದೊಡ್ಡ ಪ್ರಶ್ನೆಗಿಂತ ಹೆಚ್ಚಾಗಿ ಅದರ ಅಂಚಿನಲ್ಲಿ ಉಳಿದ ಸಣ್ಣ ಪ್ರಶ್ನೆಗಳಿಗೆ: ಸಿಗದ ಅನುಮತಿಪತ್ರ, ಮುರಿದ ಹಳೆಯ ಷರತ್ತು, ಲಿಖಿತವಾಗಿ ಇಲ್ಲದ ದಾರಿಯ ಹಕ್ಕು.

ಈ ವಿಮೆಗೆ ಪ್ರೀಮಿಯಂ ಕಟ್ಟುವುದು ಒಂದೇ ಸಲ. ವರ್ಷವರ್ಷವೂ ನವೀಕರಿಸಬೇಕಾದ ಮನೆಯ ವಿಮೆಯೇ ಬೇರೆ, ಇದೇ ಬೇರೆ. ಒಂದು ಇದೆಯೆಂದು ಇನ್ನೊಂದನ್ನು ಬಿಡುವಂತಿಲ್ಲ. ಪ್ರೀಮಿಯಂ ಮೊತ್ತ ಮನೆಯ ಬೆಲೆಯನ್ನೂ ದೋಷದ ಸ್ವರೂಪವನ್ನೂ ಅವಲಂಬಿಸಿರುತ್ತದೆ. ಮಾಮೂಲಿ ದೋಷಗಳಿಗೆ ಕೆಲವು ಹತ್ತುಗಳಿಂದ ಕೆಲವು ನೂರು ಪೌಂಡ್‌ಗಳಾದರೆ ಸಾಕು, ಅದರಲ್ಲಿ ಶೇಕಡಾ 12ರ ವಿಮಾ ಪ್ರೀಮಿಯಂ ತೆರಿಗೆಯೂ ಸೇರಿರುತ್ತದೆ. ಕ್ಲಿಷ್ಟವಾದ ದೋಷಕ್ಕೆ ವಿಮಾ ಕಂಪನಿ ಕಾಗದಗಳನ್ನೆಲ್ಲ ಪ್ರತ್ಯೇಕವಾಗಿ ಪರಿಶೀಲಿಸಿ ದರ ಹೇಳುತ್ತದೆ, ಆಗ ಮೊತ್ತ ಸಾವಿರಗಳಿಗೂ ಏರಬಹುದು. ರಕ್ಷಣೆ ಸಾಮಾನ್ಯವಾಗಿ ಕಾಲಮಿತಿಯಿಲ್ಲದ್ದು. ಅದು ನಿಮಗೆ, ನಿಮಗೆ ಸಾಲ ಕೊಟ್ಟ ಬ್ಯಾಂಕಿಗೆ, ಮುಂದೆ ನಿಮ್ಮಿಂದ ಮನೆ ಕೊಂಡವರಿಗೆ ಮತ್ತು ಅವರ ಬ್ಯಾಂಕಿಗೆ ಹೀಗೆ ಮನೆಯ ಜೊತೆಗೇ ಸಾಗುತ್ತದೆ.

ಬ್ಯಾಂಕಿನ ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಈ ಪಾಲಿಸಿಗಳು ಇಷ್ಟು ಧಾರಾಳವಾಗಿ ಓಡಾಡುವುದರ ಹಿಂದೆ ಇರುವುದು ಮುಖ್ಯವಾಗಿ ಸಾಲ ಕೊಡುವವರೇ. ಮಾರ್ಟ್‌ಗೇಜ್ ಇದ್ದಲ್ಲಿ ನಿಮ್ಮ ಸಾಲಿಸಿಟರರು ಸಾಮಾನ್ಯವಾಗಿ ನಿಮ್ಮ ಪರವಾಗಿಯೂ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಿರುತ್ತಾರೆ. ಬ್ಯಾಂಕುಗಳ ಒಕ್ಕೂಟವಾದ ಯುಕೆ ಫೈನಾನ್ಸ್ ಸಂಸ್ಥೆಯ ಸಾಲದಾತರ ಕೈಪಿಡಿಯಲ್ಲಿ ಇಂಡೆಮ್ನಿಟಿ ವಿಮೆಗೆಂದೇ ಒಂದು ಭಾಗವಿದ್ದು, ಸಾಲಿಸಿಟರರು ಅದನ್ನು ಪಾಲಿಸಲೇಬೇಕು. ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲದ ಹಣ ಸುರಕ್ಷಿತವಾಗಿರುವುದು. ನಿಮಗೆ ಬೇಕಾದದ್ದು ಮಕ್ಕಳು ಮಲಗುವ ಕೋಣೆ ಸುರಕ್ಷಿತವಾಗಿರುವುದು. ಪಾಲಿಸಿ ಮೊದಲನೆಯದನ್ನು ಪೂರೈಸುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ‘ಬ್ಯಾಂಕ್ ಒಪ್ಪಿದೆ’ ಎಂಬ ಮಾತನ್ನು ಮನೆ ಸರಿಯಾಗಿದೆ ಎಂಬುದಕ್ಕೆ ಪುರಾವೆಯಾಗಿ ತೆಗೆದುಕೊಳ್ಳಬಾರದು.

ಬಾಯಿ ಬಿಡಬಾರದು ಎಂಬ ಷರತ್ತು

ಇಡೀ ವ್ಯವಸ್ಥೆಯ ಗುಟ್ಟು ಈ ಷರತ್ತಿನಲ್ಲಿದೆ, ಮತ್ತು ಹೊಸಬರು ಎಡವುವುದೂ ಇಲ್ಲಿಯೇ. ಕ್ರಮ ಕೈಗೊಳ್ಳುವ ಅಧಿಕಾರ ಯಾರಿಗಿದೆಯೋ ಅವರಿಗೆ ದೋಷದ ಸುಳಿವು ಇಲ್ಲ ಎಂಬ ಲೆಕ್ಕಾಚಾರದ ಮೇಲೆಯೇ ವಿಮಾ ಕಂಪನಿ ಇಷ್ಟು ಕಡಿಮೆ ಪ್ರೀಮಿಯಂಗೆ ಲಕ್ಷಗಟ್ಟಲೆ ಪೌಂಡ್‌ಗಳ ಹೊಣೆ ಹೊರಲು ಒಪ್ಪುತ್ತದೆ. ಆದ್ದರಿಂದ ಪಾಲಿಸಿ ತೆಗೆಯುವ ಮುನ್ನ ಕೊಳ್ಳುವವರಾಗಲಿ ಮಾರುವವರಾಗಲಿ ಅವರ ಪರವಾಗಿ ಇನ್ನಾರೇ ಆಗಲಿ ಕೌನ್ಸಿಲ್‌ನ ಜೊತೆಗೋ ಹಳೆಯ ಷರತ್ತಿನ ಫಲಾನುಭವಿಯ ಜೊತೆಗೋ ನೆರೆಯವರ ಜೊತೆಗೋ ಈ ದೋಷದ ಬಗ್ಗೆ ಮಾತಾಡಿದ್ದರೆ ಪಾಲಿಸಿ ಸಿಗುವುದು ಕಷ್ಟ. ಪಾಲಿಸಿ ತೆಗೆದ ಮೇಲೆ ಮಾತಾಡಿದರೆ ಅದು ಅಸಿಂಧುವಾಗಬಹುದು. ಪಾಲಿಸಿ ಇದೆ ಎಂಬ ಸಂಗತಿಯನ್ನೇ ಹೊರಗಿನವರಿಗೆ ಹೇಳಬಾರದೆಂದೂ ಬರೆದಿರುತ್ತಾರೆ. ಮುಂದೆ ಮನೆ ಕೊಳ್ಳುವವರು, ಸಾಲ ಕೊಡುವವರು ಮತ್ತು ಅವರ ವಕೀಲರಿಗೆ ಮಾತ್ರ ವಿನಾಯಿತಿ.

ಶಿಸ್ತಿನ ಮನುಷ್ಯರೇ ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತಾರೆಂಬುದು ವಿಚಿತ್ರವಾದರೂ ನಿಜ. ನನ್ನ ಪರಿಚಯದ ಒಂದು ಕನ್ನಡ ಕುಟುಂಬ ಹೀಗೆಯೇ, ಎಲ್ಲವನ್ನೂ ಖಚಿತಪಡಿಸಿಕೊಳ್ಳೋಣವೆಂಬ ಸದುದ್ದೇಶದಿಂದ, ತಾವು ಕೊಳ್ಳಲಿದ್ದ ಮನೆಯ ವಿಳಾಸವನ್ನೇ ಕೊಟ್ಟು ಕೌನ್ಸಿಲ್‌ನ ಕಟ್ಟಡ ವಿಭಾಗಕ್ಕೆ ಫೋನ್ ಮಾಡಿ ಹಿಂಬದಿಯ ಎಕ್ಸ್‌ಟೆನ್ಷನ್‌ಗೆ ಪ್ರಮಾಣಪತ್ರವಿದೆಯೇ ಎಂದು ವಿಚಾರಿಸಿತು. ಇಲ್ಲವೆಂದು ಉತ್ತರ ಬಂತು. ಮಾರುವವರ ಕಡೆಯಿಂದ ಪಾಲಿಸಿಯ ಪ್ರಸ್ತಾಪ ಬಂದದ್ದು ಅದಾದ ಎರಡು ವಾರಕ್ಕೆ. ಅಷ್ಟರಲ್ಲಿ ಯಾವ ಕಂಪನಿಯೂ ಅದನ್ನು ಕೊಡುವ ಸ್ಥಿತಿಯಲ್ಲಿರಲಿಲ್ಲ. ಮಾರುವವರು ಸಿಟ್ಟಾದರು, ವ್ಯವಹಾರ ಮುರಿದುಬಿತ್ತು, ಸರ್ವೇಗೂ ಸಾಲಿಸಿಟರರಿಗೂ ಕೊಟ್ಟ ಹಣ ಹೋಯಿತು. ಮನೆಯ ಮೇಲೆ ಆಫರ್ ಒಪ್ಪಿತವಾದ ದಿನದಿಂದ ಕೌನ್ಸಿಲ್‌ಗೆ ಏನನ್ನೇ ಕೇಳುವ ಮುನ್ನ ನಿಮ್ಮ ಸಾಲಿಸಿಟರರನ್ನು ಕೇಳಿ. ಕೌನ್ಸಿಲ್‌ನ ಜಾಲತಾಣದಲ್ಲಿರುವ ಸಾರ್ವಜನಿಕ ಪ್ಲಾನಿಂಗ್ ದಾಖಲೆಗಳನ್ನು ಯಾರಿಗೂ ಹೇಳದೆ ಓದುವುದು ಸಂಪರ್ಕ ಎನಿಸಿಕೊಳ್ಳುವುದಿಲ್ಲ; ಬರೆಯುವುದು, ಫೋನ್ ಮಾಡುವುದು, ಅಧಿಕಾರಿಯನ್ನು ಕರೆಸುವುದು ಎನಿಸಿಕೊಳ್ಳುತ್ತದೆ.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ. ದೋಷವನ್ನು ನಿಜವಾಗಿ ಸರಿಪಡಿಸಿಕೊಳ್ಳುವ ದಾರಿಗಳೆಲ್ಲ ಕೌನ್ಸಿಲ್‌ನ ಅಥವಾ ಸಂಬಂಧಪಟ್ಟವರ ಬಾಗಿಲ ಮೂಲಕವೇ ಹಾದುಹೋಗುತ್ತವೆ. 1985ರ ನವೆಂಬರ್ 11ರ ನಂತರ ಅನುಮತಿಯಿಲ್ಲದೆ ಮಾಡಿದ ಕಟ್ಟಡ ಕೆಲಸಕ್ಕೆ ಕೌನ್ಸಿಲ್‌ನಿಂದ ‘ರೆಗ್ಯುಲರೈಸೇಷನ್’ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಅಧಿಕಾರಿ ಬಂದು, ಬೇಕೆನಿಸಿದಲ್ಲಿ ಪ್ಲಾಸ್ಟರ್ ಬಿಚ್ಚಿಸಿ ನೋಡಿ, ತಿದ್ದುಪಡಿಗಳನ್ನು ಹೇಳುತ್ತಾರೆ. ನಮ್ಮ ಸಕ್ರಮಕ್ಕೆ ಹತ್ತಿರವಾದದ್ದು ಯಾವುದಾದರೂ ಇದ್ದರೆ ಅದು ಇದು, ಪಾಲಿಸಿಯಲ್ಲ. ಆದರೆ ಆ ಅರ್ಜಿ ಹಾಕಿದ ಗಳಿಗೆಯಲ್ಲಿ ವಿಮೆಯ ಬಾಗಿಲು ಮುಚ್ಚುತ್ತದೆ. ಹಾಗಾಗಿ ಕವಲುದಾರಿಯಲ್ಲಿ ನಿಂತಾಗಲೇ ನಿರ್ಧರಿಸಬೇಕು. ಸ್ವಲ್ಪ ದೂರ ಆ ಕಡೆ ಹೋಗಿ ನೋಡಿ ಹಿಂದಿರುಗುತ್ತೇನೆ ಎನ್ನುವಂತಿಲ್ಲ.

ಕಟ್ಟಡ ಕೆಲಸಕ್ಕೆ ಸಂಬಂಧಿಸಿದ ದೋಷಗಳು

ಇಲ್ಲಿ ಎರಡು ಬೇರೆಬೇರೆ ಅನುಮತಿಗಳಿವೆ, ಎರಡನ್ನೂ ಕೊಡುವುದು ಸಾಮಾನ್ಯವಾಗಿ ಒಂದೇ ಕೌನ್ಸಿಲ್ ಆದ್ದರಿಂದ ಜನ ಅವುಗಳನ್ನು ಒಂದೇ ಎಂದು ಭಾವಿಸುತ್ತಾರೆ. ಇಂಥ ಕಟ್ಟಡ ಇಲ್ಲಿ ಇರಬಹುದೇ ಎಂಬುದು ಪ್ಲಾನಿಂಗ್. ಅದನ್ನು ಸುರಕ್ಷಿತವಾಗಿ ಕಟ್ಟಲಾಗಿದೆಯೇ ಎಂಬುದು ಬಿಲ್ಡಿಂಗ್ ರೆಗ್ಯುಲೇಷನ್ಸ್. ಮೊದಲನೆಯದು ಇಲ್ಲದಿರುವುದು ಬಹುಮಟ್ಟಿಗೆ ಕಾಗದದ ದೋಷ. ಎರಡನೆಯದು ಇಲ್ಲದಿರುವುದು ಇಟ್ಟಿಗೆ, ಉಕ್ಕು, ಬೆಂಕಿಗೆ ಸಂಬಂಧಿಸಿದ ದೋಷವಾಗಿರುವ ಸಾಧ್ಯತೆಯಿದೆ.

ಪ್ಲಾನಿಂಗ್ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಅನುಮತಿ ಬೇಕಾಗಿತ್ತೇ ಎಂಬುದನ್ನು. ಸಾಲುಮನೆ ಅಥವಾ ಜೋಡಿಮನೆಗೆ ಹಿಂಬದಿಯಲ್ಲಿ 3 ಮೀಟರ್‌ವರೆಗೆ, ಬಿಡಿ ಮನೆಗೆ 4 ಮೀಟರ್‌ವರೆಗೆ ಒಂದಂತಸ್ತಿನ ವಿಸ್ತರಣೆಯನ್ನು, ಉಳಿದ ಷರತ್ತುಗಳು ಕೂಡಿಬಂದರೆ, ಅರ್ಜಿ ಹಾಕದೆಯೇ ಇಂಗ್ಲೆಂಡಿನಲ್ಲಿ ಕಟ್ಟಬಹುದು. ಎರಡನೆಯ ಪ್ರಶ್ನೆ ಕಾಲಮಿತಿಯದು. ಕಟ್ಟಡ ಕೆಲಸದ ವಿರುದ್ಧ ಪ್ಲಾನಿಂಗ್ ಕ್ರಮ ಕೈಗೊಳ್ಳಲು ಕೌನ್ಸಿಲ್‌ಗೆ ಹಿಂದೆ 4 ವರ್ಷಗಳ ಅವಕಾಶವಿತ್ತು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರಿಂದ ಅದು 10 ವರ್ಷವಾಗಿದೆ, ಆ ದಿನಕ್ಕೆ ಮೊದಲೇ ಬಹುಪಾಲು ಮುಗಿದಿದ್ದ ಕೆಲಸಕ್ಕೆ ಹಳೆಯ 4 ವರ್ಷವೇ ಅನ್ವಯಿಸುತ್ತದೆ. ಅವಧಿ ಮೀರಿದೆ ಎಂಬುದಕ್ಕೆ ಹಳೆಯ ಬಿಲ್ಲು, ದಿನಾಂಕವಿರುವ ಫೋಟೊ ಮುಂತಾದ ಗಟ್ಟಿ ಸಾಕ್ಷ್ಯವಿದ್ದರೆ ಪಾಲಿಸಿ ಅನಗತ್ಯ. ಆದರೆ ಪಾರಂಪರಿಕ ಪಟ್ಟಿಗೆ ಸೇರಿದ, ಅಂದರೆ ಲಿಸ್ಟೆಡ್, ಕಟ್ಟಡಗಳಿಗೆ ಈ ಕಾಲಮಿತಿಯ ರಕ್ಷಣೆಯೇ ಇಲ್ಲ. ಅಲ್ಲಿ ಅನುಮತಿಯಿಲ್ಲದ ಬದಲಾವಣೆ ಕ್ರಿಮಿನಲ್ ಅಪರಾಧ. ಮೋಸದಿಂದ ಮರೆಮಾಚಿದ್ದಕ್ಕೂ ರಕ್ಷಣೆ ಸಿಗದು: ಹರ್ಟ್‌ಫರ್ಡ್‌ಷೈರ್‌ನಲ್ಲಿ ಹುಲ್ಲಿನ ಕೊಟ್ಟಿಗೆಯೆಂದು ಅನುಮತಿ ಪಡೆದು ಒಳಗೆ ಪೂರ್ತಿ ಮನೆಯನ್ನೇ ಕಟ್ಟಿಕೊಂಡು, 4 ವರ್ಷ ಸದ್ದಿಲ್ಲದೆ ವಾಸಿಸಿ, ಆಮೇಲೆ ಹಕ್ಕು ಕೇಳಲು ಬಂದವರಿಗೆ 2011ರಲ್ಲಿ ಸುಪ್ರೀಂ ಕೋರ್ಟ್ ಸೊಪ್ಪು ಹಾಕಲಿಲ್ಲ.

ಬಿಲ್ಡಿಂಗ್ ರೆಗ್ಯುಲೇಷನ್ಸ್ ವಿಷಯಕ್ಕೆ ಬಂದರೆ, ಕೆಲಸ ಮುಗಿದು 12 ತಿಂಗಳಾದ ಮೇಲೆ ಕೌನ್ಸಿಲ್ ನೋಟಿಸ್ ಕೊಡುವಂತಿಲ್ಲ ಎಂಬ ಮಾತನ್ನು ಎಸ್ಟೇಟ್ ಏಜೆಂಟರು ಇಂದಿಗೂ ಹೇಳುತ್ತಾರೆ. ಅದು ಹಳೆಯ ಮಾತು. 2022ರ ಕಟ್ಟಡ ಸುರಕ್ಷತಾ ಕಾಯ್ದೆಯ ತಿದ್ದುಪಡಿಯಿಂದ, ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್ 1ರಿಂದ ಆ ಅವಧಿ 10 ವರ್ಷವಾಗಿದೆ. ಅದೂ ಅಲ್ಲದೆ ಅಪಾಯಕಾರಿ ಕೆಲಸದ ವಿರುದ್ಧ ನ್ಯಾಯಾಲಯದಿಂದ ತಡೆಯಾಜ್ಞೆ ತರಲು ಕೌನ್ಸಿಲ್‌ಗೆ ಕಾಲಮಿತಿಯೇ ಇಲ್ಲ.

ಲಾಫ್ಟ್ ಕೋಣೆಯ ಉದಾಹರಣೆಯನ್ನೇ ಬಿಡಿಸಿ ನೋಡೋಣ, ಏಕೆಂದರೆ ನಮ್ಮವರು ಹೆಚ್ಚಾಗಿ ಕೊಳ್ಳುವ 1930ರ ದಶಕದ ಜೋಡಿಮನೆಗಳಲ್ಲಿ ಕಾಣಸಿಗುವ ತಕರಾರು ಅದೇ. ಹಿಂದಿನ ಮಾಲೀಕರೊಬ್ಬರು ಅಟ್ಟವನ್ನು ಕೋಣೆ ಮಾಡಿದ್ದಾರೆ, ಏಜೆಂಟರ ಜಾಹೀರಾತಿನಲ್ಲಿ ಅದು ನಾಲ್ಕನೆಯ ಮಲಗುವ ಕೋಣೆ, ಬೆಲೆಯೂ ಅದಕ್ಕೆ ತಕ್ಕಂತೆ. ಕೌನ್ಸಿಲ್‌ನ ಪ್ರಮಾಣಪತ್ರವಿಲ್ಲ. ಪಾಲಿಸಿ ತೆಗೆದುಕೊಂಡರೆ ಕೌನ್ಸಿಲ್ ಮುಂದೆಂದೋ ಬಂದು ಕೆಡವಿ ಎಂದಾಗ ಆಗುವ ನಷ್ಟ ಸಿಗುತ್ತದೆ. ಕೌನ್ಸಿಲ್ ಬರುವುದೇ ಅಪರೂಪ, ಪ್ರೀಮಿಯಂ ಅಗ್ಗವಾಗಿರುವುದೂ ಅದಕ್ಕೇ. ಆದರೆ ಆ ನೆಲವನ್ನು ಹೊತ್ತಿರುವುದು ಲೆಕ್ಕ ಹಾಕಿ ಕೂಡಿಸಿದ ಉಕ್ಕಿನ ತೊಲೆಯೋ, ಅಥವಾ ಕೆಳಗಿನ ಮಾಳಿಗೆಯ ತೆಳು ಮರದ ಪಟ್ಟಿಗಳೋ? ಮೆಟ್ಟಿಲಿನ ದಾರಿಗೆ ಬೆಂಕಿ ತಡೆಯುವ ಬಾಗಿಲುಗಳಿವೆಯೇ, ವಿದ್ಯುತ್ ಸಂಪರ್ಕವಿರುವ ಹೊಗೆ ಎಚ್ಚರಿಕೆ ಗಂಟೆಗಳಿವೆಯೇ? ಇವುಗಳಿಗೆ ಪಾಲಿಸಿಯಲ್ಲಿ ಉತ್ತರವಿಲ್ಲ. ತೊಲೆ ಬಾಗಿ ಕೆಳಗಿನ ಸೀಲಿಂಗ್ ಬಿರುಕು ಬಿಟ್ಟರೆ ಪಾಲಿಸಿ ಒಂದು ಪೆನ್ನಿಯನ್ನೂ ಕೊಡುವುದಿಲ್ಲ, ಏಕೆಂದರೆ ಅಲ್ಲಿ ಮೂರನೆಯವರ ಕ್ರಮವೇ ನಡೆದಿಲ್ಲ, ದೋಷ ತಾನಾಗಿ ಪ್ರಕಟವಾಗಿದೆ ಅಷ್ಟೆ.

ಹಾಗಾದರೆ ಏನು ಮಾಡಬೇಕು? ಪಾಲಿಸಿಗೆ ಒಪ್ಪುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಅಥವಾ ಸರ್ವೇಯರ್‌ಗಳ ವೃತ್ತಿಸಂಸ್ಥೆಯಾದ ಆರ್‌ಐಸಿಎಸ್‌ನ ಸದಸ್ಯತ್ವವಿರುವ ಸರ್ವೇಯರ್‌ನಿಂದ ಮೂರನೆಯ ಹಂತದ, ಅಂದರೆ ಅತ್ಯಂತ ವಿವರವಾದ, ಸರ್ವೇ ಮಾಡಿಸಿ ಆ ಕೋಣೆಯ ಬಗ್ಗೆ ನಿರ್ದಿಷ್ಟ ಅಭಿಪ್ರಾಯ ಕೇಳಬೇಕು. ಅವರು ಖಾಸಗಿ ತಜ್ಞರು, ಅವರನ್ನು ಕರೆಸುವುದರಿಂದ ಪಾಲಿಸಿಗೆ ಅಡ್ಡಿಯಾಗದು. ರಚನೆ ಗಟ್ಟಿಯಾಗಿದೆ, ಕಾಗದವಷ್ಟೇ ಇಲ್ಲ ಎಂದು ತಿಳಿದರೆ ಪಾಲಿಸಿ ಸಾಕು. ಗಟ್ಟಿಯಿಲ್ಲ ಎಂದಾದರೆ ಅದನ್ನು ಕೋಣೆಯೆಂದು ಎಣಿಸದೆ ಸಾಮಾನಿಡುವ ಅಟ್ಟವೆಂದು ಎಣಿಸಿ, ಮೂರು ಮಲಗುವ ಕೋಣೆಗಳ ಮನೆಯ ಬೆಲೆಗೆ ಮಾತಾಡಬೇಕು. ನೂರು ಪೌಂಡ್‌ನ ಪಾಲಿಸಿಯನ್ನು ಮುಂದಿಟ್ಟು ಹತ್ತಾರು ಸಾವಿರ ಪೌಂಡ್‌ನ ಬೆಲೆ ಚರ್ಚೆಯನ್ನು ತಪ್ಪಿಸಿಕೊಳ್ಳುವ ಜಾಣತನ ಮಾರುಕಟ್ಟೆಯಲ್ಲಿ ಇದೆ, ನನ್ನ ಮಟ್ಟಿಗೆ ಕೊಳ್ಳುವವರು ಹೆಚ್ಚು ಕಳೆದುಕೊಳ್ಳುವುದು ಇದರಿಂದಲೇ. ಗೋಡೆ ಒಡೆದು ಎರಡು ಕೋಣೆಗಳನ್ನು ಒಂದು ಮಾಡಿರುವುದು, ಕೆಳಗಿನ ಚಿಮಣಿಯನ್ನು ಕತ್ತರಿಸಿ ಮೇಲಿನದನ್ನು ಹಾಗೆಯೇ ಬಿಟ್ಟಿರುವುದು ಇವಕ್ಕೂ ಇದೇ ಕ್ರಮ.

ಕಿಟಕಿ, ವಿದ್ಯುತ್, ಬಾಯ್ಲರ್‌ಗಳ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 2002ರ ಏಪ್ರಿಲ್ 1ರ ನಂತರ ಬದಲಿಸಿದ ಕಿಟಕಿಗಳಿಗೆ, ಕಿಟಕಿ ಅಳವಡಿಸುವವರನ್ನು ನೋಂದಾಯಿಸುವ ಫೆನ್ಸಾದಂಥ ಸಂಸ್ಥೆಯ ಅಥವಾ ಕೌನ್ಸಿಲ್‌ನ ಪ್ರಮಾಣಪತ್ರವಿರಬೇಕು. ಕಳೆದುಹೋಗಿದ್ದರೆ ಫೆನ್ಸಾದಿಂದ ನಕಲು ಪಡೆಯಬಹುದು, ಪಾಲಿಸಿಗಿಂತ ಅದೇ ಲೇಸು. 2005ರ ಜನವರಿಯ ನಂತರದ ವಿದ್ಯುತ್ ಕೆಲಸಕ್ಕೆ ಪ್ರಮಾಣಪತ್ರವಿಲ್ಲವೆಂದಾದರೆ ಪಾಲಿಸಿಯ ಬದಲು ಅರ್ಹ ಎಲೆಕ್ಟ್ರಿಷಿಯನ್‌ನಿಂದ ಇಡೀ ಮನೆಯ ಪರೀಕ್ಷೆ ಮಾಡಿಸಿಕೊಡಿ ಎಂದು ಮಾರುವವರನ್ನು ಕೇಳಿ. ಬಾಯ್ಲರ್‌ಗೆ ಗ್ಯಾಸ್ ಸೇಫ್ ನೋಂದಾಯಿತ ಎಂಜಿನಿಯರ್.

ಹಳೆಯ ಪತ್ರಗಳ ಋಣ

ಇನ್ನೊಂದು ಗುಂಪಿನ ದೋಷಗಳು ಮನೆಯ ಗೋಡೆಯಲ್ಲಿಲ್ಲ, ಪತ್ರದಲ್ಲಿವೆ. ಇಂಡೆಮ್ನಿಟಿ ಪಾಲಿಸಿ ನಿಜವಾಗಿ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಇಲ್ಲಿ, ಏಕೆಂದರೆ ಎಂಜಿನಿಯರ್ ಬಂದು ಸರಿಪಡಿಸುವಂಥದ್ದೇನೂ ಇಲ್ಲಿರುವುದಿಲ್ಲ.

ಮೊದಲನೆಯದು ನಿರ್ಬಂಧಕ ಕವೆನೆಂಟ್. ನೂರು ವರ್ಷ ಹಿಂದೆ ಹೊಲವನ್ನು ನಿವೇಶನಗಳಾಗಿ ಮಾರಿದವರು, ಇಲ್ಲಿ ವ್ಯಾಪಾರ ಮಾಡಬಾರದು, ಮದ್ಯ ಮಾರಬಾರದು, ನಮ್ಮ ಒಪ್ಪಿಗೆಯಿಲ್ಲದೆ ಹೊಸ ಕಟ್ಟಡ ಎಬ್ಬಿಸಬಾರದು ಎಂದು ಪತ್ರದಲ್ಲಿ ಬರೆದಿರುತ್ತಾರೆ. ಇಂಥ ನಿರ್ಬಂಧ ಮೊದಲ ಖರೀದಿದಾರನಿಗೆ ಮಾತ್ರವಲ್ಲ, ವಿಷಯ ತಿಳಿದೂ ಭೂಮಿ ಕೊಂಡ ನಂತರದವರಿಗೂ ಅಂಟಿಕೊಳ್ಳುತ್ತದೆ ಎಂದು ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಉದ್ಯಾನಕ್ಕೆ ಸಂಬಂಧಿಸಿದ 1848ರ ತೀರ್ಪು ಸ್ಥಾಪಿಸಿತು. ಒಪ್ಪಿಗೆ ಕೊಡಬೇಕಾದ ಕಂಪನಿ ಎಂದೋ ಕಣ್ಮರೆಯಾಗಿದ್ದು, ಎಕ್ಸ್‌ಟೆನ್ಷನ್ ಕಟ್ಟಿ ಇಪ್ಪತ್ತು ವರ್ಷವಾಗಿದ್ದು, ಇಲ್ಲಿಯವರೆಗೆ ಯಾರೂ ತಕರಾರು ಎತ್ತಿರದಿದ್ದರೆ, ಪಾಲಿಸಿಯನ್ನು ಧೈರ್ಯವಾಗಿ ಒಪ್ಪಿ. ಆದರೆ ಇತ್ತೀಚಿನ ಬಡಾವಣೆಯಾಗಿದ್ದು, ಷರತ್ತು ವಿಧಿಸಿದ ಡೆವಲಪರ್ ಇನ್ನೂ ವ್ಯವಹಾರದಲ್ಲಿದ್ದರೆ, ಮಾರುವವರೇ ಶುಲ್ಕ ಕಟ್ಟಿ ಲಿಖಿತ ಒಪ್ಪಿಗೆ ತಂದುಕೊಡುವುದು ಹೆಚ್ಚು ಶಾಶ್ವತ; ಆಗ ಮುಂದೆ ಮಾರುವಾಗ ಪ್ರಶ್ನೆಯೇ ಏಳುವುದಿಲ್ಲ.

ಎರಡನೆಯದು ಚಾನ್ಸೆಲ್ ರಿಪೇರಿ. ದೇವಸ್ಥಾನದ ಇನಾಂ ಜಮೀನಿನ ಋಣ ಎಂದರೆ ನಮಗೆ ತಕ್ಷಣ ಅರ್ಥವಾಗುತ್ತದೆ. ಇದೂ ಹೆಚ್ಚುಕಡಿಮೆ ಅಂಥದೇ. ಮಧ್ಯಯುಗದಲ್ಲಿ ಚರ್ಚಿಗೆ ಸೇರಿದ್ದ ಕೆಲವು ಜಮೀನುಗಳ ಮಾಲೀಕರು ಚರ್ಚಿನ ಪೂರ್ವಭಾಗವಾದ ಚಾನ್ಸೆಲ್ ಅನ್ನು ದುರಸ್ತಿಯಲ್ಲಿಡುವ ಹೊಣೆ ಹೊತ್ತಿದ್ದರು, ಜಮೀನು ಕೈಬದಲಾದಂತೆ ಆ ಹೊಣೆಯೂ ಬಂತು. ವಾರಿಕ್‌ಷೈರ್‌ನ ಆ್ಯಸ್ಟನ್ ಕ್ಯಾಂಟ್ಲೊ ಗ್ರಾಮದಲ್ಲಿ ತೋಟದ ಮನೆಯೊಂದರ ಮಾಲೀಕರಿಗೆ ಸುಮಾರು 95,000 ಪೌಂಡ್‌ಗಳ ರಿಪೇರಿ ಬಿಲ್ಲು ಬಂದು, ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 2003ರಲ್ಲಿ ಅವರು ಸೋತರು. ಕೊನೆಗೆ ತೆರಬೇಕಾದ ಮೊತ್ತ ವ್ಯಾಜ್ಯದ ಖರ್ಚು ಬಿಟ್ಟು 1,86,000 ಪೌಂಡ್ ದಾಟಿತು. ಆ ತೀರ್ಪಿನ ನಂತರ ಈ ಪಾಲಿಸಿ ಮನೆಮಾತಾಯಿತು. 2013ರ ಅಕ್ಟೋಬರ್ 13ರ ನಂತರ, ದಾಖಲೆಯಲ್ಲಿ ನಮೂದಾಗಿರದ ಇಂಥ ಹೊಣೆ ಹೊಸದಾಗಿ ಹಣ ಕೊಟ್ಟು ನೋಂದಾಯಿತ ಮನೆ ಕೊಂಡವರನ್ನು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಆ ದಿನದ ನಂತರ ಮನೆ ಒಮ್ಮೆ ಮಾರಾಟವಾಗಿದ್ದು ದಾಖಲೆಯೂ ಶುಭ್ರವಾಗಿದ್ದರೆ, ಈ ಪಾಲಿಸಿ ಏಕೆ ಬೇಕೆಂದು ಸಾಲಿಸಿಟರರನ್ನು ಕೇಳಲು ಸಂಕೋಚಪಡಬೇಡಿ. ಇಪ್ಪತ್ತು ಪೌಂಡ್‌ಗೆ ಸಿಗುತ್ತದಲ್ಲ ಎಂದು ತೆಗೆದುಕೊಳ್ಳುವವರೂ ಇದ್ದಾರೆ, ಅದರಲ್ಲೇನೂ ತಪ್ಪಿಲ್ಲ.

ದಾನಪತ್ರದ ವಿಷಯ ನಮ್ಮ ಕುಟುಂಬಗಳಿಗೆ ಹತ್ತಿರದ್ದು. ಮಾರುವವರಿಗೆ ಆ ಮನೆ ತಂದೆತಾಯಿಯಿಂದಲೋ ಸಂಗಾತಿಯಿಂದಲೋ ಹಣವಿಲ್ಲದೆ ಬಂದಿದ್ದು, ಕೊಟ್ಟವರು ಆಮೇಲೆ ದಿವಾಳಿಯಾದರೆ, ದಿವಾಳಿ ಅರ್ಜಿಗೆ ಹಿಂದಿನ 5 ವರ್ಷಗಳೊಳಗೆ ನಡೆದ ಅಂಥ ವರ್ಗಾವಣೆಯನ್ನು ರದ್ದುಪಡಿಸಲು 1986ರ ಇನ್ಸಾಲ್ವೆನ್ಸಿ ಕಾಯ್ದೆಯಲ್ಲಿ ಅವಕಾಶವಿದೆ. ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರಿಗೆ 1994ರ ತಿದ್ದುಪಡಿ ರಕ್ಷಣೆ ಕೊಟ್ಟಿದೆಯಾದರೂ ಬ್ಯಾಂಕುಗಳು ಪಾಲಿಸಿ ಕೇಳುವುದುಂಟು. ನೀವೇ ಮುಂದೆ ಮನೆಯನ್ನು ಮಗಳ ಹೆಸರಿಗೆ ಬರೆದುಕೊಡುವ ಯೋಚನೆಯಲ್ಲಿದ್ದರೆ, ಐದು ವರ್ಷದೊಳಗೆ ಆಕೆ ಮಾರಲು ಹೋದಾಗ ಇದೇ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಗ್ಯಾರೇಜಿಗೆ ಹೋಗುವ ದಾರಿ ಯಾರದೆಂದೇ ಗೊತ್ತಿಲ್ಲದಿರುವುದು, ತೋಟದ ಒಂದು ತುಂಡಿಗೆ ಸ್ವಾಧೀನಾನುಭವದ ಹಕ್ಕು ಮಾತ್ರ ಇರುವುದು, ಮೂಲಪತ್ರಗಳು ಕಳೆದಿರುವುದು ಇವಕ್ಕೂ ಪಾಲಿಸಿಗಳಿವೆ. ದಾರಿಯನ್ನು 20 ವರ್ಷ ಅಡೆತಡೆಯಿಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಬಳಸಿದ್ದಾರೆಂದು ಮಾರುವವರಿಂದ ಪ್ರಮಾಣಿತ ಹೇಳಿಕೆಯನ್ನೂ ಬರೆಸಿಕೊಳ್ಳಿ; ಪಾಲಿಸಿಗೂ ಆ ಹೇಳಿಕೆ ಬೇಕಾಗುತ್ತದೆ, ಮಾರುವವರು ಮನೆ ಬಿಟ್ಟು ಹೋದ ಮೇಲೆ ಅವರನ್ನು ಹುಡುಕುವುದು ಸುಲಭವಲ್ಲ.

ಒಪ್ಪುವ ಮುನ್ನ ಓದಬೇಕಾದ್ದು

ದೋಷ ಮಾರುವವರ ಕಾಲದ್ದಾದ್ದರಿಂದ ಪ್ರೀಮಿಯಂ ಅವರೇ ಕೊಡುವುದು ರೂಢಿ, ಆದರೆ ಕಾನೂನಲ್ಲ. ನಿಮ್ಮ ಸಾಲಿಸಿಟರರ ಅತಿಯಾದ ಎಚ್ಚರಿಕೆಯಿಂದಲೇ ಪ್ರಶ್ನೆ ಹುಟ್ಟಿದ್ದರೆ ಮಾರುವವರು ಕೊಡಲೊಪ್ಪದಿರಬಹುದು. ಐವತ್ತು ಪೌಂಡ್‌ಗಾಗಿ ಮೂರು ವಾರ ಪತ್ರವ್ಯವಹಾರ ಮಾಡುವುದಕ್ಕಿಂತ ನೀವೇ ಕೊಟ್ಟು ಮುಗಿಸುವುದು ಲೇಸು. ಯಾರೇ ಹಣ ಕೊಡಲಿ, ಕರಡನ್ನು ನಿಮ್ಮ ಕಡೆಯ ಸಾಲಿಸಿಟರರು ಮೊದಲೇ ನೋಡಿ ಒಪ್ಪಬೇಕು. ಪಾಲಿಸಿ ತೆಗೆಯುವ ಕೆಲಸಕ್ಕೆ ಅವರು ಪ್ರತ್ಯೇಕ ಶುಲ್ಕ ಹಾಕುತ್ತಾರೆಯೇ, ವಿಮಾ ಕಂಪನಿಯಿಂದ ಕಮಿಷನ್ ಬರುತ್ತದೆಯೇ ಎಂದೂ ಕೇಳಿ.

ಕರಡು ಕೆಲವೇ ಪುಟಗಳದ್ದು, ಓದಲು ಅರ್ಧ ಗಂಟೆ ಸಾಕು. ದೋಷದ ವಿವರಣೆಯಲ್ಲಿ ನಿಮ್ಮ ಮನೆಯ ದೋಷವೇ ಇದೆಯೇ ಎಂಬುದನ್ನು ಮೊದಲು ನೋಡಿ. ಎಕ್ಸ್‌ಟೆನ್ಷನ್‌ಗೂ ಲಾಫ್ಟ್‌ಗೂ ಎರಡಕ್ಕೂ ಪ್ರಮಾಣಪತ್ರವಿಲ್ಲದಿರುವಾಗ ಒಂದನ್ನು ಮಾತ್ರ ಬರೆದಿರುವ ಪಾಲಿಸಿ ಇನ್ನೊಂದಕ್ಕೆ ಬರುವುದಿಲ್ಲ. ಪ್ಲಾನಿಂಗ್ ಪಾಲಿಸಿ ಬಿಲ್ಡಿಂಗ್ ರೆಗ್ಯುಲೇಷನ್ಸ್‌ಗೆ ಆಗುವುದಿಲ್ಲ, ಎರಡನ್ನೂ ಒಳಗೊಂಡ ಪಾಲಿಸಿಗಳು ಸಿಗುತ್ತವೆ. ಮಿತಿಯ ಮೊತ್ತ ಕನಿಷ್ಠ ಖರೀದಿ ಬೆಲೆಯಷ್ಟಿರಲಿ, ಮನೆಯ ಬೆಲೆ ಏರಿದಂತೆ ಮಿತಿಯೂ ಏರುವ ವ್ಯವಸ್ಥೆ ಇದೆಯೇ ನೋಡಿ. ಅದರ ಜೊತೆಗೆ ‘ಸಂಗತಿಗಳ ಹೇಳಿಕೆ’ ಎಂಬುದೊಂದಿರುತ್ತದೆ: ಕೆಲಸ ಮುಗಿದು 12 ತಿಂಗಳಾಗಿದೆ, ಯಾರಿಂದಲೂ ದೂರು ಬಂದಿಲ್ಲ, ಕೌನ್ಸಿಲ್ ಅನ್ನು ಸಂಪರ್ಕಿಸಿಲ್ಲ ಎಂಬಂಥ ಸಾಲುಗಳು. ಇವುಗಳಲ್ಲಿ ಒಂದು ಸುಳ್ಳಾದರೂ ಪರಿಹಾರ ಕೇಳುವ ದಿನ ಅದೇ ನಿಮ್ಮೆದುರು ನಿಲ್ಲುತ್ತದೆ. 2012ರ ಗ್ರಾಹಕ ವಿಮಾ ಕಾಯ್ದೆಯಂತೆ ಸಾಮಾನ್ಯ ಗ್ರಾಹಕರು ತಪ್ಪು ಮಾಹಿತಿ ಕೊಡದಂತೆ ಯುಕ್ತವಾದ ಎಚ್ಚರ ವಹಿಸಬೇಕು, ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಸಹಿ ಮಾಡಬೇಡಿ.

ಮನೆ ಕೊಂಡ ಮೇಲೆ ಅದನ್ನು ವಿಸ್ತರಿಸುವ ಆಲೋಚನೆ ನಿಮಗಿದ್ದರೆ ಸಾಲಿಸಿಟರರಿಗೆ ಈಗಲೇ ಹೇಳಿಬಿಡಿ. ಈ ಪಾಲಿಸಿಗಳು ಬಹುಪಾಲು ಮನೆ ಈಗಿರುವ ಸ್ಥಿತಿಗೆ ಮಾತ್ರ. ಎರಡು ವರ್ಷದ ನಂತರ ಅಡುಗೆಮನೆ ದೊಡ್ಡದು ಮಾಡಲು ನೀವು ಅರ್ಜಿ ಹಾಕಿದಾಗ ಮನೆಗೆ ಬರುವ ಅಧಿಕಾರಿಯ ಕಣ್ಣಿಗೆ ಹಳೆಯ ಕೆಲಸವೂ ಬೀಳುತ್ತದೆ, ನೀವೇ ಕರೆದು ತೋರಿಸಿದಂತಾದ ಆ ಸಂದರ್ಭದಲ್ಲಿ ವಿಮಾ ಕಂಪನಿ ಕೈತೊಳೆದುಕೊಳ್ಳಬಹುದು. ಅಂಥವರಿಗೆ ಪಾಲಿಸಿಗಿಂತ ರೆಗ್ಯುಲರೈಸೇಷನ್ ದಾರಿಯೇ ಒಳ್ಳೆಯದು, ಅದನ್ನು ಮಾರುವವರೇ ಕರಾರು ವಿನಿಮಯಕ್ಕೆ ಮುನ್ನ ಮುಗಿಸಿಕೊಡಬೇಕೆಂದು ಕೇಳುವುದು ನ್ಯಾಯವೇ. ಕಾಯಲು ಸಮಯವಿರಬೇಕು ಅಷ್ಟೆ. ಒಂದು ಮಾರಾಟವನ್ನು ಇನ್ನೊಂದು ನೆಚ್ಚಿಕೊಂಡಿರುವ ಸರಪಳಿಯಲ್ಲಿ ಮೇಲೂ ಕೆಳಗೂ ನಾಲ್ಕು ಮನೆಗಳು ಕಾದಿರುವಾಗ ಮಾರುವವರು ಒಪ್ಪುವುದು ಅಪರೂಪ.

ಸ್ಕಾಟ್ಲೆಂಡಿನ ಭೂಕಾನೂನೂ ವ್ಯವಹಾರದ ಕ್ರಮವೂ ಬೇರೆ. ಎಡಿನ್‌ಬರೊ, ಗ್ಲಾಸ್ಗೊಗಳಲ್ಲಿರುವವರು ಇಲ್ಲಿನ ಕಾಲಮಿತಿಗಳನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಪಾಲಿಸಿ ಕೈಗೆ ಬಂದ ಮೇಲೆ ಅದರ ಪ್ರತಿಯನ್ನು ಮನೆಯ ಪತ್ರಗಳ ಜೊತೆ ಇಡಿ, ಮನೆಯ ಬೇರೆ ಸದಸ್ಯರಿಗೂ ವಿಷಯ ತಿಳಿಸಿ. ಬೇಲಿಯ ಆಚೆಯವರ ಜೊತೆ ಚಹಾ ಕುಡಿಯುತ್ತ ‘ನಮ್ಮ ಲಾಫ್ಟ್‌ಗೆ ಪರ್ಮಿಷನ್ನೇ ಇಲ್ಲವಂತೆ’ ಎಂದು ಊರಿಂದ ಬಂದ ಅಜ್ಜ ನಗುತ್ತ ಹೇಳಿಬಿಡುವುದು ಅಸಂಭವವೇನಲ್ಲ. ಒಂದು ವೇಳೆ ಕೌನ್ಸಿಲ್‌ನಿಂದಲೋ ವಕೀಲರಿಂದಲೋ ಪತ್ರ ಬಂದರೆ ಅದಕ್ಕೆ ನೀವು ಉತ್ತರ ಬರೆಯಬೇಡಿ, ತಪ್ಪೊಪ್ಪಿಗೆಯನ್ನಾಗಲಿ ರಾಜಿಯನ್ನಾಗಲಿ ಮಾಡಿಕೊಳ್ಳಬೇಡಿ. ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ಮುಂದಿನ ಮಾತುಕತೆ ಅವರದು. ನ್ಯಾಯವಾದ ಪರಿಹಾರವನ್ನು ಕಂಪನಿ ನಿರಾಕರಿಸಿದರೆ ಫೈನಾನ್ಷಿಯಲ್ ಆಂಬಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮನೆ ಮಾರುವ ಕಾಲ ಬಂದಾಗ ಪಾಲಿಸಿಯನ್ನು ನಿಮ್ಮ ಸಾಲಿಸಿಟರರ ಕೈಗೆ ಮೊದಲ ದಿನವೇ ಕೊಡಿ. ಹಳೆಯ ಮಿತಿ ಅಂದಿನ ಬೆಲೆಗೆ ಸಾಲದೆ ಕೊಳ್ಳುವವರ ಕಡೆಯವರು ಹೆಚ್ಚುವರಿ ರಕ್ಷಣೆ ಕೇಳಿದರೆ, ವ್ಯತ್ಯಾಸಕ್ಕೆ ಪ್ರೀಮಿಯಂ ಕಟ್ಟಿ ಅದನ್ನು ಏರಿಸಬಹುದೇ ಎಂದು ಮೊದಲು ಅದೇ ಕಂಪನಿಯನ್ನು ವಿಚಾರಿಸಬೇಕು.